ಹನ್ನೆರಡು ಗುಲಾಮರ ಬಾಯಲ್ಲಿ ಕನ್ನಡ

ಶಿರಸಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಸಿನಿಮಾ ಹಾಕಿಕೊಂಡು ನೋಡುತ್ತೇವೆ. ಸಂಘ, ಸದಸ್ಯತ್ವ ಅಂತೇನಿಲ್ಲ. ಒಬ್ಬರ ಮನೆಯ ಅಟ್ಟ, ಬಾಡಿಗೆಗೆ ತಂದ ಪ್ರೊಜೆಕ್ಟರು, ಮುಗಿದ ಮೇಲೆ ಒಂದು ಸುತ್ತು ಕಷಾಯ, ಅಷ್ಟೆ. ಹೋದ ವರ್ಷ ಗುಲಾಮರ ದಂಗೆಯ ಸಿನಿಮಾಗಳನ್ನೇ ಸಾಲಾಗಿ ನೋಡೋಣ ಎಂದು ಒಬ್ಬರು ಹೇಳಿದರು. ಒಂದಕ್ಕಾದರೂ ಕನ್ನಡ ಸಬ್‌ಟೈಟಲ್ ಹಾಕಿ ಊರವರಿಗೂ ತೋರಿಸೋಣ ಎಂದರು ಇನ್ನೊಬ್ಬರು. ಕಂಪ್ಯೂಟರ್ ಮುಂದೆ ಜಾಸ್ತಿ ಹೊತ್ತು ಕೂರುವವನು ನಾನು ಎಂಬ ಒಂದೇ ಕಾರಣಕ್ಕೆ ಕೆಲಸ ನನ್ನ ತಲೆಗೆ ಬಂತು. ಎರಡು ವಾರ ಸಾಕು ಅಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು.

ಯಾವ ಸಿನಿಮಾ ಎಂಬುದಕ್ಕೇ ಸಾಕಷ್ಟು ಜಗಳ ಆಯಿತು. 'ಸ್ಪಾರ್ಟಕಸ್' (1960) ಬಹಳ ಜನ ನೋಡಿದ್ದಾರೆ, ಬಿಡಿ. 'ಆಮಿಸ್ಟಾಡ್' (1997) ಶುರುವಾಗುವುದೇ 1839ರ ಹಡಗಿನ ದಂಗೆಯಿಂದ, ಆ ಭಾಗ ನೋಡುವಾಗ ಮೈ ನಡುಗುತ್ತದೆ. ಆದರೆ ಆಮೇಲೆ ಕೋರ್ಟು, ವಕೀಲರು, ಮಾಜಿ ಅಧ್ಯಕ್ಷರು. ಹಡಗನ್ನೇ ವಶ ಮಾಡಿಕೊಂಡವರು ಬೆಂಚಿನ ಮೇಲೆ ಕೂತಿರುತ್ತಾರೆ, ಅವರ ಪರವಾಗಿ ಬೇರೆಯವರು ಮಾತಾಡುತ್ತಾರೆ. '12 ಇಯರ್ಸ್ ಎ ಸ್ಲೇವ್' (2013) ಒಳ್ಳೆಯ ಸಿನಿಮಾ, ಆದರೆ ಅದು ಒಬ್ಬ ಮನುಷ್ಯ ಬದುಕಿ ಉಳಿದ ಕಥೆ, ನಮಗೆ ಬೇಕಿದ್ದದ್ದು ಬೇರೆ. ಪಾಂಟೆಕೊರ್ವೊ ಮಾಡಿದ 'ಕೇಮಾಡಾ' (1969) ನನಗೆ ತುಂಬಾ ಇಷ್ಟ. ಅದರಲ್ಲಿ ಹಾಲಿವುಡ್ ತಾರೆ ಮಾರ್ಲನ್ ಬ್ರಾಂಡೊ ಎದುರಿಗೆ ದಂಗೆಯ ನಾಯಕನಾಗಿ ಎವರಿಸ್ಟೊ ಮಾರ್ಕೆಸ್ ಇದ್ದಾನೆ, ಅಲ್ಲಿಯವರೆಗೆ ನಟನೆಯ ಗಂಧಗಾಳಿ ಇಲ್ಲದಿದ್ದ ಕೊಲಂಬಿಯಾದವನು. ಕೊನೆಯಲ್ಲಿ ಬ್ರಾಂಡೊ ಬಂದು ತಪ್ಪಿಸಿಕೊಂಡು ಹೋಗು ಎಂದು ಕಟ್ಟು ಬಿಚ್ಚಿದರೂ ಅವನು ಕದಲುವುದಿಲ್ಲ. ಗಲ್ಲಿಗೇರುತ್ತಾನೆಯೇ ಹೊರತು ಕೊಟ್ಟ ಬಿಡುಗಡೆ ತಗೊಳ್ಳುವುದಿಲ್ಲ. ಆದರೂ ಅದು ಅರ್ಧಕ್ಕರ್ಧ ಬ್ರಾಂಡೊ ಸಿನಿಮಾ ಎಂಬ ಮಾತು ಬಂತು. ನನಗೂ ಇಲ್ಲ ಎನ್ನಲು ಆಗಲಿಲ್ಲ.

ಕೊನೆಗೆ ಕ್ಯೂಬಾದ 'ಲಾ ಉಲ್ತಿಮಾ ಸೇನಾ' ಅಂತಾಯಿತು. ನಿರ್ದೇಶಕ ತೊಮಾಸ್ ಗುಟಿಯೆರೆಸ್ ಅಲಿಯಾ, 1976ರದ್ದು. ಹೆಸರಿನ ಅರ್ಥ 'ಕಡೆಯ ಭೋಜನ', ಏಸು ಶಿಲುಬೆಗೇರುವ ಹಿಂದಿನ ರಾತ್ರಿ ತನ್ನ 12 ಶಿಷ್ಯರ ಕಾಲು ತೊಳೆದು ಅವರ ಜೊತೆ ಮಾಡಿದ ಊಟ. ಮೊರೆನೊ ಫ್ರಾಖಿನಾಲ್ಸ್ ಎಂಬ ಚರಿತ್ರೆಕಾರ ಕ್ಯೂಬಾದ ಸಕ್ಕರೆ ಗಾಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸಣ್ಣ ಘಟನೆ ಬರುತ್ತದೆ, ಸಿನಿಮಾ ಹುಟ್ಟಿದ್ದು ಅದರಿಂದ. 18ನೇ ಶತಮಾನದ ಕೊನೆ. ಒಬ್ಬ ಕೌಂಟ್, ಅಂದರೆ ದೊಡ್ಡ ಜಮೀನುದಾರ, ಪವಿತ್ರ ಗುರುವಾರದಂದು ತನ್ನ 12 ಗುಲಾಮರ ಕಾಲು ತೊಳೆದು, ಮೇಜಿಗೆ ಕೂರಿಸಿ, ವೈನ್ ಕುಡಿಸಿ ಊಟ ಹಾಕುತ್ತಾನೆ. ಮಾರನೇ ದಿನ ಶುಭ ಶುಕ್ರವಾರ. ಇವತ್ತು ಕೆಲಸ ಇಲ್ಲ ಎಂದು ದೊರೆಯೇ ಹೇಳಿದ್ದಾನೆ, ಆದರೆ ಮೇಸ್ತ್ರಿ ಗಾಣಕ್ಕೆ ಬನ್ನಿ ಎನ್ನುತ್ತಾನೆ. ಅಲ್ಲಿಂದ ದಂಗೆ. ಗಾಣ ಉರಿಯುತ್ತದೆ, ಮೇಸ್ತ್ರಿ ಸಾಯುತ್ತಾನೆ, ಹಿಂದಿನ ರಾತ್ರಿ ಕಾಲು ತೊಳೆದವನೇ ಅವರ ತಲೆ ತೆಗೆಸುತ್ತಾನೆ. ಕಥೆ ಪೂರ್ತಿ ಹೇಳಿಬಿಟ್ಟೆ, ಕ್ಷಮಿಸಿ. ಹೇಳದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ.

ಪ್ರದರ್ಶನದ ಹಕ್ಕು ಯಾರ ಹತ್ತಿರ ಇದೆ ಎಂದು ಹುಡುಕಿ, ಪತ್ರ ಬರೆದು, ಟಿಕೆಟ್ ಇಲ್ಲದೆ ತೋರಿಸಲು ಅನುಮತಿ ತಗೊಳ್ಳುವುದಕ್ಕೆ ಎರಡು ತಿಂಗಳು ಹೋಯಿತು. ಕಾಯುವಾಗ ಸುಮ್ನೆ ಕೂರುವುದು ಯಾಕೆ ಎಂದು ಇಂಗ್ಲಿಷ್ ಸಬ್‌ಟೈಟಲ್ ಮುಂದಿಟ್ಟುಕೊಂಡು ಅನುವಾದ ಶುರುಮಾಡಿದೆ. ಮೊದಲ ಐದು ನಿಮಿಷದಲ್ಲೇ ಸಿಕ್ಕಿಕೊಂಡೆ.

ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ 'ಯೂ'. ದೊರೆ ಗುಲಾಮನಿಗೆ ಹೇಳಿದರೂ ಅದೇ, ಪಾದ್ರಿ ದೊರೆಗೆ ಹೇಳಿದರೂ ಅದೇ. ಮೂಲ ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೇ ಎರಡು ಬಗೆ ಇದೆ, ಇಂಗ್ಲಿಷ್‌ಗೆ ಬರುವಾಗ ಅದು ಚಪ್ಪಟೆಯಾಗಿ ಹೋಗಿದೆ. ಕನ್ನಡದಲ್ಲಿ ಪ್ರತಿ ಸಾಲಿಗೂ ತೀರ್ಮಾನ ಮಾಡಲೇಬೇಕು, ನೀನೋ ನೀವೋ. ಕಾಲು ತೊಳೆಯುವಾಗ ದೊರೆ ಏನನ್ನುತ್ತಾನೆ? ಊಟಕ್ಕೆ ಕರೆಯುವಾಗ 'ಬನ್ನಿ, ಕೂತ್ಕೊಳ್ಳಿ' ಎನ್ನುತ್ತಾನಾ? ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ. ಓದಿದರೆ ಅವನು ನಿಜವಾಗಿಯೂ ಒಳ್ಳೆಯವನ ಹಾಗೆ ಕೇಳುತ್ತಿತ್ತು. ಹಾಗೆ ಕೇಳಬಾರದು. ಅವನಿಗೆ ತಾನು ಒಳ್ಳೆಯವನು ಅನ್ನಿಸಬೇಕು, ನೋಡುವವರಿಗೆ ಅನ್ನಿಸಬಾರದು.

ಆಮೇಲೆ ಹೊಳೆದದ್ದು ಸ್ವಲ್ಪ ಮುಜುಗರದ ವಿಷಯ. ಈ ಭಾಷೆಯನ್ನು ನಾನು ಎಲ್ಲೂ ಹುಡುಕಬೇಕಿರಲಿಲ್ಲ, ಮನೆಯಲ್ಲೇ ಇತ್ತು. ನಮ್ಮದು ಅಡಿಕೆ ತೋಟದ ಮನೆ. ಕೆಲಸಕ್ಕೆ ಬರುತ್ತಿದ್ದವರು ಅಜ್ಜನನ್ನು 'ಒಡೆಯಾ' ಎನ್ನುತ್ತಿದ್ದರು. ಅಜ್ಜ ತನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿಗೂ 'ಏನೋ' ಎನ್ನುತ್ತಿದ್ದ. ಖುಷಿಯಲ್ಲಿದ್ದರೆ, ಹಬ್ಬದ ದಿನ ಅಂಗಳದಲ್ಲಿ ಎಲೆ ಹಾಕಿ ಬಡಿಸುವಾಗ, ಅದೇ ಬಾಯಲ್ಲಿ 'ತಿನ್ನೋ ಮಾರಾಯ, ಇನ್ನೊಂದು ಹಾಕ್ಸ್ಕೊ' ಎಂದು ಪ್ರೀತಿಯಿಂದ ಹೇಳುತ್ತಿದ್ದ. ಏಕವಚನ ಮಾತ್ರ ಬದಲಾಗುತ್ತಿರಲಿಲ್ಲ. ಕೌಂಟ್‌ಗೆ ಅದನ್ನೇ ಕೊಟ್ಟೆ. ಸಿನಿಮಾ ಉದ್ದಕ್ಕೂ ಅವನು 'ನೀನು' ಬಿಡುವುದಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ 'ಮಗನೇ' ಸೇರಿಕೊಳ್ಳುತ್ತದೆ, ಮಾರನೇ ದಿನ ಅದೂ ಹೋಗುತ್ತದೆ. ಗುಲಾಮರು ಅವನಿಗೆ 'ಒಡೆಯಾ' ಎನ್ನುತ್ತಾರೆ, ವೈನ್ ತಲೆಗೇರಿದ ಹಾಗೆ ಆ ಪದ ಒಂದೊಂದೇ ಕಡೆ ಬಿಟ್ಟುಹೋಗುವ ಹಾಗೆ ಬರೆದೆ. ಸೆಬಾಸ್ಟಿಯನ್ ಎಂಬ ಗುಲಾಮ ಇದ್ದಾನೆ, ಓಡಿಹೋಗಿ ಸಿಕ್ಕಿಬಿದ್ದು ಕಿವಿ ಕತ್ತರಿಸಿಕೊಂಡವನು. ಅವನ ಸಾಲುಗಳಲ್ಲಿ 'ಒಡೆಯಾ' ಎಂಬ ಪದವನ್ನೇ ಇಡಲಿಲ್ಲ. 'ನಾನು ಯಾರು, ಹೇಳು' ಎಂದು ದೊರೆ ಅವನನ್ನು ಮತ್ತೆ ಮತ್ತೆ ಕೇಳುತ್ತಾನೆ. ಅವನು ಮುಖಕ್ಕೆ ಉಗಿಯುತ್ತಾನೆ. ಅಲ್ಲಿ ನನಗೆ ಕೆಲಸ ಇರಲಿಲ್ಲ.

ಈಗ ನನ್ನ ದೊಡ್ಡ ತಪ್ಪು. ಗುಲಾಮರು ಆಡುವ ಸ್ಪ್ಯಾನಿಷ್ ಬೇರೆ ಥರ, ಆಫ್ರಿಕಾದಿಂದ ಬಂದವರು ಮುರಿದು ಕಲಿತ ಭಾಷೆ. ಅದನ್ನು ಕನ್ನಡದಲ್ಲಿ ತೋರಿಸಬೇಕಲ್ಲ ಎಂದು ಅವರೆಲ್ಲರಿಗೂ ಹಳ್ಳಿ ಮಾತು ಕೊಟ್ಟೆ. 'ಅದ್ಯಾಕ್ ಅಂಗಂತೀರಿ', 'ಗೊತ್ತಿಲ್ರಪ್ಪಾ', ಹೀಗೆ. ನನಗೆ ಬಹಳ ಜಾಣತನ ಅನ್ನಿಸಿತ್ತು. ಶಿರಸಿಯಲ್ಲಿ ಮೊದಲ ಸಲ ತೋರಿಸಿದಾಗ ನಲವತ್ತು ಜನ ಇದ್ದರು. ಪಾಸ್ಕುವಾಲ್ ಎಂಬ ಮುದುಕ ದೊರೆಯ ಹತ್ತಿರ ಬಿಡುಗಡೆ ಬೇಡುವ ಜಾಗ ಬಂತು. ದೊರೆ ಕೊಟ್ಟೇಬಿಡುತ್ತಾನೆ, ಈಗ ಎಲ್ಲಿಗೆ ಹೋಗುತ್ತೀಯ ಎಂದು ಕೇಳುತ್ತಾನೆ, ಮುದುಕನಿಗೆ ಹೋಗಲು ಜಾಗವೇ ಇಲ್ಲ. ಎದೆ ಹಿಂಡುವ ದೃಶ್ಯ. ಹಾಲ್‌ನಲ್ಲಿ ಜನ ನಕ್ಕರು. ಕೆಟ್ಟ ಮನಸ್ಸಿನಿಂದ ಅಲ್ಲ. ನಮ್ಮ ಸಿನಿಮಾಗಳಲ್ಲಿ ಆ ಮಾತು ಆಡುವವನು ಇಷ್ಟು ವರ್ಷ ನಗಿಸಲಿಕ್ಕೇ ಬಂದವನು ಅಲ್ವಾ, ಕಿವಿಗೆ ಅದೇ ಅಭ್ಯಾಸ. ಪ್ರೊಜೆಕ್ಟರ್ ಪಕ್ಕ ಕೂತಿದ್ದ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಮನೆಗೆ ಬಂದು ಗುಲಾಮರ ಅಷ್ಟೂ ಸಾಲು ಅಳಿಸಿದೆ. ಎರಡನೇ ಸಲ ಅವರಿಗೆ ನೆಟ್ಟಗಿನ, ಚಿಕ್ಕ ಚಿಕ್ಕ ವಾಕ್ಯಗಳ ಕನ್ನಡ ಕೊಟ್ಟೆ. ಭಾಷೆ ಮುರಿಯುವ ಬದಲು ವಾಕ್ಯ ಮುರಿದೆ. ಗಿಡಮರದ, ಕೆಲಸದ ಪದಗಳನ್ನು ಮಾತ್ರ ಊರಿನವೇ ಇಟ್ಟೆ. ದೊರೆಗೆ ಉದ್ದುದ್ದ ವಾಕ್ಯ, ಸ್ವಲ್ಪ ಪುಸ್ತಕದ ವಾಸನೆ. ಈಗ ಯಾರಾದರೂ ನಗುವುದಾದರೆ ಅವನನ್ನು ನೋಡಿ ನಗುತ್ತಾರೆ.

ಇನ್ನು ಕೆಲವು ಪದಗಳ ಕಥೆ. 'ಗುಲಾಮ' ಬೇಡ, 'ಜೀತದಾಳು' ಅನ್ನು, ನಮ್ಮವರಿಗೆ ತಟ್ಟುತ್ತದೆ ಎಂದ ಗೆಳೆಯ. ತಟ್ಟುವುದೇನೋ ನಿಜ. ಜೀತ ರದ್ದತಿ ಕಾಯ್ದೆ ಬಂದದ್ದೂ ಈ ಸಿನಿಮಾದ ವರ್ಷವೇ, 1976. ಆದರೆ ಜೀತದಲ್ಲಿ ಸಾಲದ ಲೆಕ್ಕ ಇರುತ್ತದೆ, ಎಷ್ಟೇ ಸುಳ್ಳಾದರೂ ಲೆಕ್ಕ ಅಂತ ಒಂದಿರುತ್ತದೆ. ಇಲ್ಲಿ ಮನುಷ್ಯನೇ ಸಾಮಾನು, ಹಡಗಿನಲ್ಲಿ ತಂದು ಮಾರಿದ್ದು. ಗುಲಾಮ ಎಂದೇ ಉಳಿಸಿದೆ. ಪಾಸ್ಕುವಾಲ್ ಕೇಳುವುದನ್ನು ಮೊದಲು 'ಸ್ವಾತಂತ್ರ್ಯ' ಎಂದು ಬರೆದಿದ್ದೆ. ಆ ಪದ ಕೇಳಿದರೆ ನಮಗೆ ಆಗಸ್ಟ್ 15, ಧ್ವಜ, ಶಾಲೆಯಲ್ಲಿ ಕೊಟ್ಟ ಪೆಪ್ಪರಮೆಂಟು. 'ಬಿಡುಗಡೆ' ಎಂದು ಮಾಡಿದೆ. ಕ್ರೈಸ್ತ ಪದಗಳಿಗೆ ಹೊನ್ನಾವರದ ಕ್ಯಾಥೊಲಿಕ್ ಗೆಳತಿಗೆ ಫೋನ್ ಮಾಡಿ ಮಾಡಿ ತಲೆ ತಿಂದೆ.

ಎಲ್ಲಕ್ಕಿಂತ ಕಾಡಿದ್ದು ಆಲೆಮನೆ. ಕಬ್ಬು ಅರೆದು, ರಸ ಕಾಯಿಸುವ ಜಾಗಕ್ಕೆ ನಮ್ಮಲ್ಲಿ ಬೇರೆ ಪದವೇ ಇಲ್ಲ. ಆದರೆ ಶಿರಸಿ ಕಡೆಯವರಿಗೆ ಆಲೆಮನೆ ಎಂದರೆ ಚಳಿಗಾಲದ ಸಂಜೆ, ತಣ್ಣನೆ ಕಬ್ಬಿನ ಹಾಲು, ಮಂಡಕ್ಕಿ, ಬಿಸಿ ಜೋನಿ ಬೆಲ್ಲ, ನೆಂಟರು. ಕ್ಯೂಬಾದ ಕೊಪ್ಪರಿಗೆ ಮುಂದೆ ನಿಂತವನು ಹಗಲು ರಾತ್ರಿ ನಿಂತೇ ಸಾಯುತ್ತಿದ್ದ. 1791ರಲ್ಲಿ ಪಕ್ಕದ ಸಾನ್ ಡೊಮಿಂಗೊದಲ್ಲಿ, ಅಂದರೆ ಇವತ್ತಿನ ಹೈಟಿಯಲ್ಲಿ, ಗುಲಾಮರು ಎದ್ದು ಸಕ್ಕರೆ ತೋಟಗಳಿಗೆ ಬೆಂಕಿ ಇಟ್ಟರು. 1804ಕ್ಕೆ ತಮ್ಮದೇ ದೇಶ ಮಾಡಿಕೊಂಡರು. ಅಲ್ಲಿ ನಿಂತ ಸಕ್ಕರೆಯನ್ನು ತಾನು ಮಾಡಿ ಮಾರಲು ಹೊರಟದ್ದು ಕ್ಯೂಬಾ. ಹೆಚ್ಚು ಸಕ್ಕರೆ ಬೇಕು ಎಂಬ ಆಸೆ, ಇಲ್ಲೂ ಹಾಗಾದರೆ ಎಂಬ ಭಯ, ಎರಡೂ ಈ ಸಿನಿಮಾದ ಒಳಗಿವೆ. ಇದಕ್ಕೆಲ್ಲ ಆಲೆಮನೆ ಎನ್ನಲು ಮನಸ್ಸು ಬರಲಿಲ್ಲ. 'ಸಕ್ಕರೆ ಗಾಣ' ಎಂದು ಹಾಕಿದೆ. ಆಲೆಮನೆ ಎಂದೇ ಹಾಕಿ ಜನರನ್ನು ಬೆಚ್ಚಿಬೀಳಿಸಬೇಕಿತ್ತು ಎಂದು ನಮ್ಮ ಗುಂಪಿನಲ್ಲಿ ಒಬ್ಬರು ಇವತ್ತಿಗೂ ಜಗಳ ಆಡುತ್ತಾರೆ. ಇರಬಹುದು.

ಮಾಡಲು ಹೊರಟವರಿಗಾಗಿ ತಾಂತ್ರಿಕ ವಿಷಯ ಚುಟುಕಾಗಿ. ನಾನು ಬಳಸಿದ್ದು ಸಬ್‌ಟೈಟಲ್ ಎಡಿಟ್, ಉಚಿತ ಸಾಫ್ಟ್‌ವೇರ್. ಫೈಲನ್ನು ಯೂನಿಕೋಡ್‌ನಲ್ಲೇ ಉಳಿಸಿ. ಪೆನ್‌ಡ್ರೈವ್ ಹಾಕಿ ಟಿವಿಯಲ್ಲಿ ನೋಡಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿರುತ್ತವೆ, 'ಕ್ರಿಸ್ತ'ನನ್ನು ಗುರುತು ಹಿಡಿಯಲು ಆಗುವುದಿಲ್ಲ. ಅದಕ್ಕೆ ಅಕ್ಷರಗಳನ್ನು ವಿಡಿಯೊದಲ್ಲೇ ಅಚ್ಚು ಹಾಕಿಬಿಡಿ, ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಆಗುತ್ತದೆ. ನಮ್ಮ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ಒಂದು ವಾಕ್ಯ ಎರಡು ಚೌಕಟ್ಟಿಗೆ ಹರಿದರೆ ಮೊದಲರ್ಧಕ್ಕೆ ಅರ್ಥವೇ ಇರುವುದಿಲ್ಲ. ಹಾಗಾಗಿ ಅನುವಾದ ಮಾಡುವ ಮೊದಲೇ ಇಂಗ್ಲಿಷಿನ ಚೌಕಟ್ಟುಗಳನ್ನು ಒಡೆದು ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬೇಕು. ಇದನ್ನು ನಾನು ಅರ್ಧ ಸಿನಿಮಾ ಆದ ಮೇಲೆ ಕಲಿತೆ. ಇನ್ನೊಂದು, ನಿಮ್ಮ ಅಮ್ಮನನ್ನು ಕೂರಿಸಿ ಓದಿಸಿ. ಅವರು ಓದಿ ಮುಗಿಸುವ ಮುಂಚೆ ಸಾಲು ಹೋದರೆ ಸಾಲು ಉದ್ದವಾಗಿದೆ ಎಂದರ್ಥ.

ಎರಡನೇ ಪ್ರದರ್ಶನ ಯಲ್ಲಾಪುರ ಕಡೆಯ ಒಂದು ಸಿದ್ದಿಗಳ ಹಳ್ಳಿಯಲ್ಲಿ. ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅಡಿಕೆ ತೋಟದ ಮನೆಯವನು ಅವರಿಗೆ ಗುಲಾಮರ ಸಿನಿಮಾ ತೋರಿಸಲು ಹೋಗುವುದು ಎಷ್ಟು ಸರಿ ಎಂದು ನನಗೆ ಹಿಂಜರಿಕೆ ಇತ್ತು. ಅಲ್ಲಿನ ಗೆಳೆಯನಿಗೇ ಕೇಳಿದೆ. 'ನಮ್ಮನ್ನ ಅಳಿಸೂಕೆ ತರೂದಾದ್ರೆ ಬ್ಯಾಡ. ಹೊಡ್ದಾಟ ಉಂಟು ಅಂದ್ರೆ ತನ್ನಿ' ಎಂದ.

ಓದಲು ಬಾರದ ಹಿರಿಯರು ಬಹಳ ಇದ್ದರು. ಅದಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳುವ ನಮ್ಮ ಗೆಳೆಯನ ಕೈಗೆ ಮೈಕ್ ಕೊಟ್ಟು ಸಾಲುಗಳನ್ನು ಗಟ್ಟಿಯಾಗಿ ಓದಿಸಿದೆವು. ರಿಹರ್ಸಲ್‌ನಲ್ಲಿ ಕೌಂಟ್‌ನನ್ನು ಕೌರವನ ಹಾಗೆ ಆಡಿಸಲು ಶುರುಮಾಡಿದ್ದ, 'ಎಲೈ' ಬೇರೆ ಸೇರಿಸುತ್ತಿದ್ದ. ಕಾಲಿಗೆ ಬಿದ್ದು ನಿಲ್ಲಿಸಿದೆ. ಆದರೆ ಒಂದು ಮಾತು. ಊಟದ ದೃಶ್ಯ ಹೆಚ್ಚು ಕಡಿಮೆ ಒಂದು ಗಂಟೆ, ಬರೀ ಮಾತು. ಶಿರಸಿಯಲ್ಲಿ ಅಲ್ಲೇ ನಾಲ್ಕು ಜನ ಎದ್ದು ಹೋಗಿದ್ದರು. ಇಲ್ಲಿ ದನಿ ಸಿಕ್ಕಿದ್ದೇ ತಡ, ಒಬ್ಬರೂ ಅಲ್ಲಾಡಲಿಲ್ಲ. ದೊರೆ ನಿದ್ದೆ ಹೋದ ಮೇಲೆ ಸೆಬಾಸ್ಟಿಯನ್ ಹೇಳುವ ಕಥೆ ಬರುತ್ತದೆ. ಸುಳ್ಳು ಸತ್ಯದ ತಲೆ ಕತ್ತರಿಸುತ್ತದೆ, ಸತ್ಯ ಸುಳ್ಳಿನ ತಲೆಯನ್ನು ತನ್ನ ಕುತ್ತಿಗೆಗೆ ಇಟ್ಟುಕೊಂಡು ಲೋಕ ಸುತ್ತುತ್ತದೆ. ಹಂದಿಯ ತಲೆಯನ್ನು ಮುಖದ ಮುಂದೆ ಹಿಡಿದು ಅವನು ಅದನ್ನು ಹೇಳುವಾಗ ಹಿಂದಿನ ಸಾಲಿನ ಮುದುಕರೊಬ್ಬರು 'ಹೂಂ, ಹೂಂ' ಎಂದು ಹೂಂಗುಟ್ಟುತ್ತಲೇ ಇದ್ದರು.

ಕೊನೆಯ ಭಾಗಕ್ಕೆ ಮುಂಚೆ ಮಕ್ಕಳನ್ನು ಮನೆಗೆ ಕಳಿಸಿ ಎಂದು ಮೈಕಿನಲ್ಲಿ ಹೇಳಿದೆವು. ಯಾರೂ ಕದಲಲಿಲ್ಲ. ಗುಡ್ಡದ ಮೇಲೆ ಕಂಬಗಳು, ಅವುಗಳ ಮೇಲೆ ತಲೆಗಳು. ಅಲ್ಲಿ ಸಬ್‌ಟೈಟಲ್ ಇಲ್ಲ, ನಮ್ಮ ಗೆಳೆಯನೂ ಸುಮ್ಮನಾದ. ಕತ್ತಲಲ್ಲಿ ಒಬ್ಬ ಹುಡುಗ ಎಣಿಸತೊಡಗಿದ. ಹನ್ನೊಂದಕ್ಕೆ ನಿಲ್ಲಿಸಿ, 'ಒಂದು ಖಾಲಿ ಉಂಟು!' ಎಂದು ಕೂಗಿದ. ಆಮೇಲೆ ಸೆಬಾಸ್ಟಿಯನ್ ಕಾಡಿನಲ್ಲಿ ಓಡುತ್ತಾನೆ, ನಡುನಡುವೆ ಹಾರುವ ಹಕ್ಕಿ, ಉರುಳುವ ಬಂಡೆ, ಹರಿಯುವ ನೀರು. ಶಿಳ್ಳೆ ಬಿತ್ತು.

ದೀಪ ಹಾಕಿದ ಮೇಲೆ ಭಾಷಣ ಬೇಡ ಎಂದು ಮೊದಲೇ ಮಾತಾಗಿತ್ತು. ವೈರ್ ಸುತ್ತುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದು, 'ಹೆಗಡೇರೆ, ಅಷ್ಟು ಜನ ಮೇಜಿಗೆ ಕೂತಿದ್ರಲ್ಲ, ಒಂದು ಹೆಂಗಸೂ ಇಲ್ಯಲ್ಲ. ಹೆಂಗಸ್ರು ಸುಮ್ನೇ ಇದ್ದಿದ್ರಾ?' ಎಂದು ಕೇಳಿದರು. ನಾಲ್ಕು ತಿಂಗಳು ಆ ಸಿನಿಮಾವನ್ನು ಸಾಲು ಸಾಲಾಗಿ ನೋಡಿದ್ದೇನೆ, ನನಗೆ ಇದು ಹೊಳೆದೇ ಇರಲಿಲ್ಲ. ಇನ್ನೊಂದು ಸಿನಿಮಾ ಇದೆ, ಅದರಲ್ಲಿ ಹೆಂಗಸರೇ ಮುಂದೆ ಎಂದೆ. ಇಥಿಯೋಪಿಯಾದ ಹೈಲೆ ಗೆರಿಮಾ ಮಾಡಿದ 'ಸಂಕೋಫಾ' (1993) ನೆನಪಾಗಿತ್ತು. ಘಾನಾದ ಗುಲಾಮರ ಕೋಟೆಯಲ್ಲಿ ಶುರುವಾಗುತ್ತದೆ, ತೋಟದ ದಂಗೆಯ ಬೆನ್ನೆಲುಬಾಗಿ ನುನು ಎಂಬ ತಾಯಿ ಇದ್ದಾಳೆ. ಅಮೆರಿಕದಲ್ಲಿ ಹಂಚಿಕೆದಾರರು ಮುಂದೆ ಬರದಿದ್ದಾಗ ಗೆರಿಮಾ ತಾನೇ ಥಿಯೇಟರ್ ಬಾಡಿಗೆಗೆ ಹಿಡಿದು ತೋರಿಸಿದ ಸಿನಿಮಾ ಅದು.

'ಯಾವಾಗ ತರ್ತ್ರಿ?' ಎಂದರು. ಮಳೆಗಾಲ ಮುಗಿಯಲಿ ಎಂದೆ. ಈಗ ಅದರ ಫೈಲ್ ತೆರೆದು ಕೂತಿದ್ದೇನೆ. ನುನುವಿನ ಮಗ ಜೋ, ದೊರೆಯ ಕಡೆಯ ಮೇಸ್ತ್ರಿ ಆಗಿಹೋದವನು. ಅವನು ಹೆತ್ತ ತಾಯಿಗೆ ನೀನು ಎನ್ನುತ್ತಾನೋ, ನೀವು ಎನ್ನುತ್ತಾನೋ, ಇನ್ನೂ ಗೊತ್ತಾಗಿಲ್ಲ.