ಅಮೆರಿಕದ ಪ್ರೈಮರಿ ಡಿಬೇಟ್ ನೋಡುವಾಗ ಚಾನೆಲ್‌ನ ಕೈ ಎಲ್ಲಿದೆ ಎಂದು ಗುರುತಿಸುವುದು ಹೇಗೆ

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುನ್ನ ಒಂದೇ ಪಕ್ಷದ ಟಿಕೆಟ್ ಆಕಾಂಕ್ಷಿಗಳು ಪರಸ್ಪರ ಸೆಣಸುವ ವೇದಿಕೆಯೇ ಪ್ರೈಮರಿ ಡಿಬೇಟ್. ಅದನ್ನು ನಡೆಸುವುದು ಬಹುಮಟ್ಟಿಗೆ ಸುದ್ದಿ ಚಾನೆಲ್‌ಗಳು. ಫಾಕ್ಸ್ ನ್ಯೂಸ್ ನೋಡುವವರಲ್ಲಿ ರಿಪಬ್ಲಿಕನ್ನರು ಹೆಚ್ಚು, ಎಂಎಸ್ ನೌ (2025ರವರೆಗೆ ಎಂಎಸ್‌ಎನ್‌ಬಿಸಿ) ನೋಡುವವರಲ್ಲಿ ಡೆಮಾಕ್ರಟರು ಹೆಚ್ಚು. ಇದು ಗೊತ್ತಿರುವ ವೀಕ್ಷಕರು ನಿರೂಪಕರ ದನಿಯಲ್ಲಿ, ಮುಖಭಾವದಲ್ಲಿ ಪಕ್ಷಪಾತ ಹುಡುಕುತ್ತಾ ಕೂರುತ್ತಾರೆ. ಅಲ್ಲಿ ಸಿಗುವುದು ಕಡಿಮೆ. ವೇದಿಕೆಗೆ ಯಾರು ಹತ್ತಿದರು, ಪ್ರಶ್ನೆಯೊಳಗೆ ಏನು ಅಡಗಿತ್ತು, ಡಿಬೇಟ್ ಮುಗಿದ ಮೇಲೆ ಯಾವ ತುಣುಕು ಓಡಿತು ಎಂಬುದನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ.

ಹಿಂದಿನ ದಿನವೇ ಮಾಡಬೇಕಾದ್ದು

ಮೊದಲು ಪ್ರವೇಶದ ನಿಯಮ ಹುಡುಕಿ ಬರೆದುಕೊಳ್ಳಿ. ಅದನ್ನು ಮಾಡಿದ್ದು ಪಕ್ಷವೋ ಚಾನೆಲ್ಲೋ ಎಂಬುದನ್ನೂ ಜೊತೆಗೆ ಬರೆಯಿರಿ. 2015ರ ಆಗಸ್ಟ್ 6ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ರಿಪಬ್ಲಿಕನ್ ಡಿಬೇಟ್‌ಗೆ ನಿಯಮ ಮಾಡಿದ್ದು ಫಾಕ್ಸ್ ನ್ಯೂಸ್. ಇತ್ತೀಚಿನ 5 ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿ ತೆಗೆದು, ಮೊದಲ 10 ಮಂದಿಗೆ ರಾತ್ರಿಯ ವೇದಿಕೆ, ಉಳಿದ 7 ಮಂದಿಗೆ ಸಂಜೆ 5ರ ವೇದಿಕೆ ಕೊಟ್ಟಿತು. ಹತ್ತನೆಯವರಿಗೂ ಹನ್ನೊಂದನೆಯವರಿಗೂ ಇದ್ದ ಅಂತರ ಸಮೀಕ್ಷೆಗಳ ದೋಷಮಿತಿಗಿಂತ (ಸಮೀಕ್ಷೆಯಲ್ಲಿ ಸಹಜವಾಗಿ ಆಗಬಹುದಾದ ಏರುಪೇರಿಗಿಂತ) ಕಡಿಮೆ. ಆದರೆ ರಾತ್ರಿಯ ಡಿಬೇಟ್ ನೋಡಿದವರು ಸುಮಾರು 2.4 ಕೋಟಿ, ಸಂಜೆಯದನ್ನು ನೋಡಿದವರು ಸುಮಾರು 60 ಲಕ್ಷ. ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ ಆಗಿಹೋದ ತೀರ್ಮಾನ ಇದು.

2023ರಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಯೇ ನಿಯಮ ಮಾಡಿತು. ಆಗಸ್ಟ್ 23ರ ಮಿಲ್ವಾಕಿ ಡಿಬೇಟ್‌ಗೆ ಕನಿಷ್ಠ 40,000 ದೇಣಿಗೆದಾರರು, ಸಮೀಕ್ಷೆಗಳಲ್ಲಿ ಶೇ 1ರ ಬೆಂಬಲ, ಜೊತೆಗೆ ಕೊನೆಗೆ ಗೆದ್ದವರನ್ನು ಬೆಂಬಲಿಸುವ ವಾಗ್ದಾನಕ್ಕೆ ಸಹಿ. ಡಿಸೆಂಬರ್ 6ರ ನಾಲ್ಕನೇ ಡಿಬೇಟ್ ಹೊತ್ತಿಗೆ ಅದು 80,000 ದೇಣಿಗೆದಾರರು, ಶೇ 6ಕ್ಕೆ ಏರಿತ್ತು. ದೇಣಿಗೆದಾರರ ತಲೆಯೆಣಿಕೆ ನಡೆದಾಗ ಏನಾಗುತ್ತದೆ? ಆಕಾಂಕ್ಷಿಗಳಲ್ಲೊಬ್ಬರಾದ ಡಗ್ ಬರ್ಗಮ್ 1 ಡಾಲರ್ ಕೊಟ್ಟವರಿಗೆ 20 ಡಾಲರ್‌ನ ಗಿಫ್ಟ್ ಕಾರ್ಡ್ ಹಂಚಿ ಸಂಖ್ಯೆ ಮುಟ್ಟಿದರು. ಹಣವಿಲ್ಲದವರಿಗೆ ಸಣ್ಣ ದೇಣಿಗೆ ತರುವ ಸುಲಭದ ದಾರಿಯೆಂದರೆ ಪಕ್ಷದ ಕಡೆಗಿರುವ ಚಾನೆಲ್‌ಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಂಡು, ಅಲ್ಲಿನ ವೀಕ್ಷಕರು ಚಪ್ಪಾಳೆ ತಟ್ಟುವಂಥ ಮಾತಾಡುವುದು. ಹಾಗಾಗಿ ನಿಯಮ ಪಕ್ಷದ್ದಾದರೂ ಚಾನೆಲ್‌ನ ಪಾತ್ರ ಕಡಿಮೆಯಾಗುವುದಿಲ್ಲ.

ಆಮೇಲೆ ಆ ಪಕ್ಷ ಯಾವ ಚಾನೆಲ್ಲನ್ನು ದೂರ ಇಟ್ಟಿದೆ ನೋಡಿ. 2019ರ ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಟಾಮ್ ಪೆರೆಜ್ ಫಾಕ್ಸ್‌ಗೆ ಒಂದು ಡಿಬೇಟನ್ನೂ ಕೊಡುವುದಿಲ್ಲ ಎಂದರು. 2015ರ ಅಕ್ಟೋಬರ್‌ನಲ್ಲಿ ಬೌಲ್ಡರ್‌ನ ಸಿಎನ್‌ಬಿಸಿ ಡಿಬೇಟ್ ಬಗ್ಗೆ ಸಿಟ್ಟಾದ ರಿಪಬ್ಲಿಕನ್ನರು ಆಗ ಅದರ ಸೋದರ ಚಾನೆಲ್ ಆಗಿದ್ದ ಎನ್‌ಬಿಸಿ ಜೊತೆಗಿನ ಮುಂದಿನ ಡಿಬೇಟ್ ತಡೆಹಿಡಿದರು. ಎರಡಕ್ಕೂ ಅವರವರ ಕಾರಣಗಳಿದ್ದವು. ನಷ್ಟವಾಗಿದ್ದು ಮತದಾರರಿಗೆ: ಎದುರು ಪಾಳಯ ಕೇಳುವ ಪ್ರಶ್ನೆಗೆ ತಮ್ಮ ಆಕಾಂಕ್ಷಿ ಹೇಗೆ ಉತ್ತರಿಸುತ್ತಾರೆ ಎಂಬುದನ್ನು ಪ್ರೈಮರಿಯಲ್ಲೇ ನೋಡುವ ಅವಕಾಶ ತಪ್ಪಿತು.

ಡಿಬೇಟ್ ನಡೆಯುವಾಗ

ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿಕೊಳ್ಳಿ: ಸಮಯ, ಕೇಳಿದವರು, ಯಾರಿಗೆ, ವಿಷಯ, ಪ್ರಶ್ನೆ ಮೊದಲೇ ಒಪ್ಪಿಕೊಂಡದ್ದು. ಕೊನೆಯ ಕಾಲಂ ಮುಖ್ಯ. ‘ಗಡಿ ಕೈತಪ್ಪಿರುವಾಗ ನೀವೇನು ಮಾಡುತ್ತೀರಿ’ ಎಂದು ಕೇಳಿದರೆ ಗಡಿ ಕೈತಪ್ಪಿದೆ ಎಂಬುದು ಚರ್ಚೆಯಿಲ್ಲದೆ ಒಪ್ಪಿತವಾಯಿತು. ವೇದಿಕೆಯ ಮೇಲೆ ಎಲ್ಲರೂ ಒಂದೇ ಪಕ್ಷದವರಾದ್ದರಿಂದ ಅದನ್ನು ಅಲ್ಲಗಳೆಯುವವರೂ ಇರುವುದಿಲ್ಲ. ಎರಡು ಪಕ್ಷಗಳ ಡಿಬೇಟ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಕ್ಲೀವ್‌ಲ್ಯಾಂಡ್‌ನ ಮೊದಲ ಪ್ರಶ್ನೆಯನ್ನೇ ಹಾಳೆಗಿಳಿಸಿ ನೋಡಿ. ಟಿಕೆಟ್ ಗೆದ್ದವರನ್ನು ಬೆಂಬಲಿಸುತ್ತೇವೆ, ಪಕ್ಷೇತರರಾಗಿ ನಿಲ್ಲುವುದಿಲ್ಲ ಎಂದು ಮಾತು ಕೊಡಲು ಒಪ್ಪದವರು ಕೈ ಎತ್ತಿ ಎಂದರು ಫಾಕ್ಸ್‌ನ ನಿರೂಪಕ ಬ್ರೆಟ್ ಬೇಯರ್. ಎತ್ತಿದ್ದು ಟ್ರಂಪ್ ಒಬ್ಬರೇ. ವಿಷಯದ ಕಾಲಂನಲ್ಲಿ ತೆರಿಗೆ, ಯುದ್ಧ, ಆರೋಗ್ಯ ಯಾವುದೂ ಇಲ್ಲ. ‘ಪಕ್ಷನಿಷ್ಠೆ’ ಎಂದಷ್ಟೇ ಬರೆಯಬಹುದು. ಕೊನೆಯ ಕಾಲಂನಲ್ಲಿ: ‘ಪಕ್ಷದ ಒಗ್ಗಟ್ಟೇ ಮೊದಲು’. ಒಂದು ನಿಮಿಷದೊಳಗೆ ಹತ್ತು ಮಂದಿಯ ಸ್ಪರ್ಧೆ ಒಬ್ಬರ ವಿರುದ್ಧ ಒಂಬತ್ತಾಯಿತು. ಕೈ ಎತ್ತಿಸುವ ಪ್ರಶ್ನೆ ಟಿವಿಗೆ ಚೆನ್ನಾಗಿ ಒದಗುತ್ತದೆ, ಆದರೆ ಯಾಕೆ ಎಂದು ಹೇಳಲು ಜಾಗ ಕೊಡುವುದಿಲ್ಲ. ಮಿಲ್ವಾಕಿಯಲ್ಲಿ ಹವಾಮಾನ ಬದಲಾವಣೆಗೆ ಮನುಷ್ಯ ಕಾರಣವೇ ಎಂದು ಹೀಗೆಯೇ ಕೇಳಿದಾಗ, ನಾವೇನು ಶಾಲಾ ಮಕ್ಕಳಲ್ಲ ಎಂದು ಆಕಾಂಕ್ಷಿ ರಾನ್ ಡಿಸ್ಯಾಂಟಿಸ್ ತಡೆದರು. ಆಮೇಲೆ ಎಲ್ಲರ ನಿಲುವು ಸ್ಪಷ್ಟವಾಗದೆಯೇ ಪ್ರಶ್ನೆ ಚದುರಿಹೋಯಿತು. ಇಂಥ ಪ್ರಶ್ನೆಗಳ ಪಕ್ಕ ‘ಕೈ’ ಎಂದು ಗುರುತು ಹಾಕಿ, ಕೊನೆಗೆ ಎಷ್ಟಾದವು ಎಣಿಸಿ.

ಖಾರದ ಪ್ರಶ್ನೆ ಬಂತೆಂದು ಚಾನೆಲ್ ವಿರೋಧಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕ್ಲೀವ್‌ಲ್ಯಾಂಡ್‌ನಲ್ಲಿ ನಿರೂಪಕಿ ಮೇಗಿನ್ ಕೆಲ್ಲಿ ಹೆಂಗಸರ ಬಗ್ಗೆ ಟ್ರಂಪ್ ಆಡಿದ್ದ ಮಾತುಗಳನ್ನು ಎತ್ತಿ ಕೇಳಿದ್ದು ಫಾಕ್ಸ್‌ನ ವೇದಿಕೆಯಲ್ಲೇ. ಹಾಗೆಯೇ ನಿರೂಪಕರ ಮೇಲೆ ಹರಿಹಾಯ್ದವರೆಲ್ಲ ಅನ್ಯಾಯಕ್ಕೊಳಗಾದವರೂ ಅಲ್ಲ. 2012ರ ಜನವರಿ 19ರಂದು ಚಾರ್ಲ್ಸ್‌ಟನ್‌ನಲ್ಲಿ ಸಿಎನ್‌ಎನ್‌ನ ಜಾನ್ ಕಿಂಗ್, ರಿಪಬ್ಲಿಕನ್ ಆಕಾಂಕ್ಷಿ ನ್ಯೂಟ್ ಗಿಂಗ್ರಿಚ್‌ರನ್ನು ಅವರ ಮಾಜಿ ಪತ್ನಿಯ ಆರೋಪದ ಬಗ್ಗೆ ಕೇಳಿದಾಗ ಗಿಂಗ್ರಿಚ್ ಮಾಧ್ಯಮವನ್ನೇ ಝಾಡಿಸಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು, ಎರಡು ದಿನಕ್ಕೆ ಗಿಂಗ್ರಿಚ್ ಸೌತ್ ಕೆರೊಲಿನಾ ರಾಜ್ಯದ ಪ್ರೈಮರಿ ಗೆದ್ದರು. ಆಕಾಂಕ್ಷಿ ಪ್ರಶ್ನೆ ಬಿಟ್ಟು ಮಾಧ್ಯಮದ ಬಗ್ಗೆ ಮಾತಾಡಿದ ಕಡೆಯೆಲ್ಲ ‘ಮಾ’ ಎಂದು ಬರೆಯಿರಿ. ಚಪ್ಪಾಳೆ ಎಷ್ಟೇ ಬಿದ್ದಿರಲಿ, ಅದು ಉತ್ತರವಲ್ಲ.

ಯಾರಿಗೆ ಎಷ್ಟು ನಿಮಿಷ ಸಿಕ್ಕಿತು ಎಂಬ ಪಟ್ಟಿಯನ್ನೇ ನಂಬಿ ಕೂರಬೇಡಿ. ಹೆಸರೆತ್ತಿ ಟೀಕಿಸಿದರೆ ಮರುಉತ್ತರಕ್ಕೆ ಸಮಯ ಕೊಡುವುದು ವಾಡಿಕೆ. ಮುಂಚೂಣಿಯಲ್ಲಿರುವವರ ಹೆಸರೇ ಹೆಚ್ಚು ಬರುವುದರಿಂದ ಅವರ ನಿಮಿಷಗಳೂ ಬೆಳೆಯುತ್ತವೆ.

ಮುಗಿದ ಮೇಲೆ

ಡಿಬೇಟ್ ಮುಗಿದ ಕೂಡಲೇ ಟಿವಿ ಆರಿಸಿ. ಯಾರು ಯಾವ ಪ್ರಶ್ನೆಗೆ ಉತ್ತರಿಸಿದರು, ಯಾವುದನ್ನು ತಪ್ಪಿಸಿಕೊಂಡರು ಎಂದು ನಾಲ್ಕು ಸಾಲು ಬರೆದ ಮೇಲೆಯೇ ವಿಶ್ಲೇಷಣೆ ನೋಡಿ. ಈ ಕ್ರಮ ತಿರುಗುಮುರುಗಾದರೆ ಚಾನೆಲ್‌ನ ಅಭಿಪ್ರಾಯ ನಿಮ್ಮದೇ ನೆನಪಿನಂತೆ ಕೂತುಬಿಡುತ್ತದೆ. ವಿಶ್ಲೇಷಕರ ಹೆಸರಿನ ಮುಂದೆ ಅವರ ಪಕ್ಷದ ಹುದ್ದೆ ಬರೆಯಿರಿ. ಡೊನ್ನಾ ಬ್ರೆಜಿಲ್ ಸಿಎನ್‌ಎನ್ ವಿಶ್ಲೇಷಕಿಯೂ ಡೆಮಾಕ್ರಟಿಕ್ ಪಕ್ಷದ ಪದಾಧಿಕಾರಿಯೂ ಆಗಿದ್ದರು; ಪ್ರೈಮರಿಯ ಪ್ರಶ್ನೆಗಳ ಸುಳಿವು ಅವರಿಂದ ಆಕಾಂಕ್ಷಿ ಹಿಲರಿ ಕ್ಲಿಂಟನ್ ತಂಡಕ್ಕೆ ಮೊದಲೇ ಹೋಗಿದ್ದು 2016ರ ಅಕ್ಟೋಬರ್‌ನಲ್ಲಿ ಇಮೇಲ್‌ಗಳಿಂದ ಬಯಲಾಯಿತು.

ಮರುದಿನ ಹೆಚ್ಚು ಓಡಿದ ತುಣುಕನ್ನು ಪೂರ್ಣ ವಿಡಿಯೋದಲ್ಲಿ ಹುಡುಕಿ, ಎರಡು ನಿಮಿಷ ಹಿಂದಿನಿಂದ ನೋಡಿ. ಎದುರು ಪಾಳಯದ ಚಾನೆಲ್ ಅದೇ ಡಿಬೇಟ್‌ನಿಂದ ಯಾವ ತುಣುಕು ಆರಿಸಿತು ಎಂದೂ ಪಕ್ಕದಲ್ಲಿ ಬರೆಯಿರಿ.

ಸಮೀಕ್ಷೆ ಬಂದಾಗ ದಿನಾಂಕ ನೋಡಿ. ಡಿಬೇಟ್‌ಗೆ ಮೊದಲೇ ಶುರುವಾದ ಸಮೀಕ್ಷೆ ಡಿಬೇಟ್ ಬಗ್ಗೆ ಏನನ್ನೂ ಹೇಳದು. 2015ರಲ್ಲಿ ಸಂಜೆ 5ರ ವೇದಿಕೆಯಲ್ಲಿ ಆಕಾಂಕ್ಷಿ ಕಾರ್ಲಿ ಫಿಯೋರಿನಾ ಮಿಂಚಿದರು. ಆದರೆ ಸೆಪ್ಟೆಂಬರ್ 16ರ ಡಿಬೇಟ್‌ಗೆ ಸಿಎನ್‌ಎನ್ ತೆಗೆಯಲಿದ್ದ ಸರಾಸರಿಯಲ್ಲಿ ಆಗಸ್ಟ್ 6ಕ್ಕಿಂತ ಹಳೆಯ ಸಮೀಕ್ಷೆಗಳೂ ಇದ್ದವು, ಅವುಗಳಲ್ಲಿ ಅವರು ತೀರಾ ಹಿಂದೆ. ಚಾನೆಲ್ ಸೆಪ್ಟೆಂಬರ್ ಆರಂಭದಲ್ಲಿ ನಿಯಮ ತಿದ್ದಿದ ಮೇಲಷ್ಟೇ ಅವರಿಗೆ ಮುಖ್ಯ ವೇದಿಕೆ ಸಿಕ್ಕಿತು. ಆದ್ದರಿಂದ ಮುಂದಿನ ಡಿಬೇಟ್‌ನ ಹಾಳೆ ಶುರುಮಾಡುವಾಗ ಯಾವ ದಿನದಿಂದ ಯಾವ ದಿನದವರೆಗಿನ ಸಮೀಕ್ಷೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.