ಗೊಬ್ಬರದಂಗಡಿಯ ಮೈಲುತುತ್ತಿನಲ್ಲಿ ನೆರ್ನ್ಸ್ಟ್ ಲೆಕ್ಕ ಕೂಡಿಸಿದ್ದು: ನನ್ನ ಅನುಭವ

ಡೇನಿಯಲ್ ಸೆಲ್ (ಸತುವಿನ ಸಲ್ಫೇಟ್‌ನಲ್ಲಿ ಸತು, ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್‌ನಲ್ಲಿ ತಾಮ್ರ) ಕಟ್ಟಿ 1.10 ವೋಲ್ಟ್ ತೋರಿಸುವುದು ದೊಡ್ಡ ಕೆಲಸವಲ್ಲ, ಪಿಯುಸಿ ಲ್ಯಾಬ್‌ನಲ್ಲಿ ಯಾರು ಬೇಕಾದರೂ ತೋರಿಸಬಹುದು. ಕೈ ಕೊಡುವುದು ಅದರ ಮುಂದಿನ ಹೆಜ್ಜೆ. ತಾಮ್ರದ ಕಡೆಯ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿದರೆ ಪುಸ್ತಕದ ನೆರ್ನ್ಸ್ಟ್ ಸೂತ್ರದ ಪ್ರಕಾರ (ದ್ರಾವಣದ ಸಾರತೆಗೂ ಸೆಲ್‌ನ ವೋಲ್ಟೇಜಿಗೂ ಇರುವ ಲೆಕ್ಕ ಅದು) 29.5 ಮಿಲಿವೋಲ್ಟ್ ಇಳಿಯಬೇಕು. ಮೀಟರ್‌ನಲ್ಲಿ ಇಳಿಯುವುದು 13, ಹೆಚ್ಚೆಂದರೆ 14. ಮಕ್ಕಳು ರೆಕಾರ್ಡ್‌ನಲ್ಲಿ 29 ಅಂತಲೇ ಬರೆದುಕೊಂಡು ಹೋಗುತ್ತಾರೆ. ಲ್ಯಾಬ್ ಗ್ರೇಡ್ ರಾಸಾಯನಿಕ, ಪೊಟೆನ್ಶಿಯೋಮೀಟರ್ ಇಲ್ಲದೆ ಇದು ಸರಿಹೋಗದು ಎಂದವರೇ ಜಾಸ್ತಿ. ಉಡುಪಿಯ ಗೊಬ್ಬರದಂಗಡಿ, ಗುಜರಿ ಅಂಗಡಿ, ದಿನಸಿ ಅಂಗಡಿಯ ಸಾಮಾನಿನಲ್ಲೇ ಈಗ ನನಗೆ 28ರಿಂದ 29 ಬರುತ್ತಿದೆ.

ತಪ್ಪು ಲವಣದ ಶುದ್ಧತೆಯಲ್ಲಿ ಇರಲಿಲ್ಲ. 1 ಮೋಲಾರ್ ಮೈಲುತುತ್ತಿನ ದ್ರಾವಣದಲ್ಲಿ ತಾಮ್ರದ ಅಯಾನುಗಳು ಸಲ್ಫೇಟ್ ಜೊತೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತವೆ, ಆಕ್ಟಿವಿಟಿ ಗುಣಾಂಕ (ಅಯಾನುಗಳಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುತ್ತದೆ ಎನ್ನುವ ಸಂಖ್ಯೆ) 0.04ರ ಆಸುಪಾಸು. ಬರೀ ನೀರು ಹಾಕಿ 0.1 ಮೋಲಾರ್‌ಗೆ ಇಳಿಸಿದರೆ ಗುಣಾಂಕ 0.15ಕ್ಕೆ ಏರುತ್ತದೆ. ಅಂದರೆ ಸಾರತೆ ಹತ್ತು ಪಟ್ಟು ಇಳಿದರೂ ವಿದ್ಯುದ್ವಾರಕ್ಕೆ ಕಾಣುವ ಇಳಿತ ಮೂರು ಪಟ್ಟೂ ಇಲ್ಲ. ಆದ್ದರಿಂದ ನೀರಿನಲ್ಲಿ ತೆಳು ಮಾಡಲೇಬೇಡಿ. 1 ಮೋಲಾರ್ ಮೆಗ್ನೀಷಿಯಂ ಸಲ್ಫೇಟ್ ದ್ರಾವಣದಲ್ಲಿ ತೆಳು ಮಾಡಿ: 10 ಮಿಲಿ ಮೈಲುತುತ್ತಿನ ದ್ರಾವಣ, 90 ಮಿಲಿ ಮೆಗ್ನೀಷಿಯಂ. ಸಲ್ಫೇಟ್ ಪ್ರಮಾಣ ಹಾಗೇ ಉಳಿಯುತ್ತದೆ, ಗುಣಾಂಕ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಮೆಗ್ನೀಷಿಯಂ ವಿದ್ಯುದ್ವಾರದ ತಂಟೆಗೆ ಬರುವುದಿಲ್ಲ. ತೆಂಗು, ಅಡಿಕೆಗೆ ಹಾಕುವ ಅದೇ ಮೆಗ್ನೀಷಿಯಂ ಸಲ್ಫೇಟ್ ಸಾಕು.

ತೂಕಗಳು: 250 ಮಿಲಿಗೆ ಮೈಲುತುತ್ತು 62.4 ಗ್ರಾಂ, ಅರ್ಧ ಲೀಟರ್‌ಗೆ ಮೆಗ್ನೀಷಿಯಂ ಸಲ್ಫೇಟ್ 123 ಗ್ರಾಂ. ಸತುವಿನ ಸಲ್ಫೇಟ್ ಕೊಳ್ಳುವಾಗ ಪ್ಯಾಕೆಟ್ ಓದಿ. 21 ಶೇಕಡಾ ಸತು ಎಂದಿದ್ದರೆ ಏಳು ನೀರಿನದ್ದು (ಹರಳಿನಲ್ಲಿ ಏಳು ನೀರಿನ ಅಣು), 250 ಮಿಲಿಗೆ 71.9 ಗ್ರಾಂ. 33 ಶೇಕಡಾ ಎಂದಿದ್ದರೆ ಒಂದೇ ನೀರಿನದ್ದು, 44.9 ಗ್ರಾಂ ಸಾಕು. ಒಂದೇ ನೀರಿನದ್ದನ್ನು 71.9 ಗ್ರಾಂ ಹಾಕಿಬಿಟ್ಟರೆ ಸಾರತೆ 1.6 ಪಟ್ಟಾಗಿ ಸೆಲ್ ಕೆಲವು ಮಿಲಿವೋಲ್ಟ್ ಕಡಿಮೆ ತೋರಿಸುತ್ತದೆ, ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ಗೊಬ್ಬರದ ಮೈಲುತುತ್ತು ಕರಗಿಸಿದಾಗ ಸ್ವಲ್ಪ ಕಲಕು ಇರುತ್ತದೆ. ಬ್ಯಾಟರಿ ಆಸಿಡ್ ಎರಡು ಹನಿ ಹಾಕಿ, ಹತ್ತಿಯಲ್ಲಿ ಸೋಸಿದರೆ ತಿಳಿಯಾಗುತ್ತದೆ. ನೀರು ಮಾತ್ರ ಬ್ಯಾಟರಿ ನೀರೇ ಆಗಬೇಕು. ಕಡಲ ಬದಿಯ ಬಾವಿ ನೀರಲ್ಲಿ ಉಪ್ಪಿನಂಶ ಇರುತ್ತದೆ, ತೆಳು ದ್ರಾವಣದಲ್ಲಿ ಕ್ಲೋರೈಡ್ ಇದ್ದರೆ ತಾಮ್ರದ ರೀಡಿಂಗ್ ಎತ್ತೆತ್ತಲೋ ಹೋಗುತ್ತದೆ.

ಅದೇ ಕಾರಣಕ್ಕೆ ಲವಣ ಸೇತುವೆಗೂ (ಎರಡು ದ್ರಾವಣಗಳನ್ನು ಜೋಡಿಸುವ, ಲವಣದ ಜೆಲ್ಲಿ ತುಂಬಿದ ಟ್ಯೂಬ್) ಪೊಟ್ಯಾಷ್ ಗೊಬ್ಬರ ಬೇಡ, ಅದು ಕ್ಲೋರೈಡ್. 13:0:45 ಎಂದು ಸಿಗುವ ಸ್ಪ್ರೇ ಗೊಬ್ಬರವೇ ಪೊಟ್ಯಾಸಿಯಂ ನೈಟ್ರೇಟ್. 100 ಮಿಲಿಗೆ 10 ಗ್ರಾಂ. ಲ್ಯಾಬ್‌ನ ಅಗರ್ ಪುಡಿ ಬದಲು ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್, 3 ಗ್ರಾಂ; ಅದೂ ಅಗರ್ರೇ. ಮೊದಲು ಅರ್ಧ ಗಂಟೆ ನೆನೆಸಿ, ಕುದಿಸಿ, ಒಂದು ಎಳೆಯೂ ಉಳಿಯದಂತೆ ಕರಗಿದ ಮೇಲೇ ನೈಟ್ರೇಟ್ ಹಾಕಬೇಕು. ಅಕ್ವೇರಿಯಂ ಗಾಳಿ ಟ್ಯೂಬ್‌ನ 15 ಸೆಂಟಿಮೀಟರ್ ತುಂಡಿಗೆ ಬಿಸಿಯಿರುವಾಗಲೇ ಸಿರಿಂಜಿನಲ್ಲಿ ತುಂಬಿಸಿ. ಒಳಗೆ ಒಂದು ಗುಳ್ಳೆ ನಿಂತರೂ ಸೆಲ್ ಸತ್ತಂತೆ, ಮೀಟರ್ ಸುಮ್ಮನೆ ಅಲೆದಾಡುತ್ತದೆ. ಒಳವ್ಯಾಸ 4 ಮಿಲಿಮೀಟರ್ ಇದ್ದರೆ ಸೇತುವೆಯ ರೋಧ ಸಾವಿರದ ಮುನ್ನೂರು ಓಮ್‌ನಷ್ಟು. 2 ಮಿಲಿಮೀಟರ್ ಟ್ಯೂಬ್‌ನಲ್ಲಿ ಅದು ಐದು ಸಾವಿರ ದಾಟುತ್ತದೆ. ಅಗ್ಗದ ಮಲ್ಟಿಮೀಟರ್‌ನ ಒಳರೋಧ 1 ಮೆಗಾಓಮ್ ಮಾತ್ರ ಆದ್ದರಿಂದ ಡೇನಿಯಲ್ ಸೆಲ್‌ನ 1.10 ವೋಲ್ಟ್‌ನಲ್ಲಿ ಅಲ್ಲೇ 5 ಮಿಲಿವೋಲ್ಟ್ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಈ ಜೆಲ್ಲಿಗೆ ಬೂಸಲು ಬರುವುದು ಖಂಡಿತ. ನೈಟ್ರೇಟ್ ದ್ರಾವಣದಲ್ಲೇ ಮುಳುಗಿಸಿಟ್ಟರೆ ಸ್ವಲ್ಪ ದಿನ ಬಾಳುತ್ತದೆ, ಮತ್ತೆ ಹೊಸತು ಮಾಡುವುದೇ ಮೇಲು.

ಇನ್ನು ತಾಮ್ರದ ಪಟ್ಟಿ. ಹೆಚ್ಚಿನವರ ಪ್ರಯೋಗ ಕೆಡುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಗುಜರಿಯ ಎರಡು ಪಟ್ಟಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಒಂದೇ ದ್ರಾವಣದಲ್ಲಿ ಇಳಿಸಿ ನೋಡಿ, ಸೊನ್ನೆ ಬರಬೇಕಾದಲ್ಲಿ 5, 8 ಮಿಲಿವೋಲ್ಟ್ ಬರುತ್ತದೆ. 30 ಅಳೆಯಲು ಹೊರಟವರಿಗೆ ಇದು ಕಾಲು ಭಾಗ. ಎರಡಕ್ಕೂ ಒಟ್ಟಿಗೇ ಹೊಸ ತಾಮ್ರದ ಲೇಪ ಕೊಡಬೇಕು: ಹಳೆಯ 5 ವೋಲ್ಟ್ ಮೊಬೈಲ್ ಚಾರ್ಜರ್, 22 ಓಮ್ 2 ವಾಟ್ ರೆಸಿಸ್ಟರ್, ಆನೋಡ್‌ಗೆ ಮೂರನೇ ತಾಮ್ರದ ತುಂಡು, 200 ಮಿಲಿ ಮೈಲುತುತ್ತಿನ ದ್ರಾವಣಕ್ಕೆ 10 ಮಿಲಿ ಬ್ಯಾಟರಿ ಆಸಿಡ್. ಮುಳುಗಿದ ಮೇಲ್ಮೈ ಎರಡೂ ಪಟ್ಟಿಗೆ ಸೇರಿ 20 ಚದರ ಸೆಂಟಿಮೀಟರ್ ಇದ್ದರೆ 0.2 ಆಂಪಿಯರ್ ಹದ. ಹೆಚ್ಚಾದರೆ ಲೇಪ ಕಪ್ಪಗೆ ಪುಡಿಪುಡಿಯಾಗುತ್ತದೆ. ಅರ್ಧ ಗಂಟೆಗೆ 360 ಕೂಲಂ, ಫ್ಯಾರಡೆ ಲೆಕ್ಕದಲ್ಲಿ 0.119 ಗ್ರಾಂ. ಚಿನ್ನ ತೂಗುವ ಪಾಕೆಟ್ ತಕ್ಕಡಿಯಲ್ಲಿ 0.12 ಬರುತ್ತದೆ, ಒಂದೇ ಕೆಲಸದಲ್ಲಿ ಎರಡು ಪಾಠ. ಲೇಪವಾದ ಮೇಲೆ ವ್ಯತ್ಯಾಸ 2 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಅದನ್ನು 1ಕ್ಕಿಂತ ಕೆಳಗೆ ತರಲು ರಾತ್ರಿಯಿಡೀ ನಾನು ಮಾಡಿಡುವ ಒಂದು ಕೆಲಸವಿದೆ. ಅದು ಸದ್ಯ ನನ್ನಲ್ಲೇ ಇರಲಿ.

ಕ್ಲಿಪ್‌ಗೆ ದ್ರಾವಣ ತಾಗಬಾರದು. ಕಬ್ಬಿಣದ ಕ್ಲಿಪ್ ಮೇಲೆ ತಾಮ್ರ ಕೂತು ಅದೇ ಇನ್ನೊಂದು ವಿದ್ಯುದ್ವಾರವಾಗುತ್ತದೆ. ಮೀಟರ್‌ನ 9 ವೋಲ್ಟ್ ಬ್ಯಾಟರಿ ಇಳಿದಿದ್ದರೆ ರೀಡಿಂಗ್ ಮೇಲೆ ಹೋಗುತ್ತದೆ. ಡೇನಿಯಲ್ ಸೆಲ್ 1.15 ತೋರಿಸಿದರೆ ಖುಷಿಪಡುವ ಮುಂಚೆ ಬ್ಯಾಟರಿ ಬದಲಿಸಿ. ಸತುವಿಗೆ ಹಳೆಯ ಸತು-ಕಾರ್ಬನ್ ಸೆಲ್‌ನ ಡಬ್ಬಿ ಕತ್ತರಿಸಬಹುದು, ಆಲ್ಕಲೈನ್ ಸೆಲ್ ಮಾತ್ರ ಕತ್ತರಿಸಬೇಡಿ, ಒಳಗಿರುವುದು ಸುಡುವ ಕ್ಷಾರ. ಸತುವಿನ ರೀಡಿಂಗ್ ಹೇಗೂ ನಾಲ್ಕೈದು ಮಿಲಿವೋಲ್ಟ್ ಅಲ್ಲಾಡುತ್ತದೆ, ಹಾಗಾಗಿ ನೆರ್ನ್ಸ್ಟ್ ಪರೀಕ್ಷೆಗೆ ತಾಮ್ರ-ತಾಮ್ರದ ಸಾರತಾ ಸೆಲ್ಲೇ (ಎರಡೂ ಕಡೆ ತಾಮ್ರ, ದ್ರಾವಣದ ಸಾರತೆ ಮಾತ್ರ ಬೇರೆ) ಸರಿ.

ಫಲಿತಾಂಶ, ನೆನಪಿನಿಂದ: 1 ಮೋಲಾರ್‌ಗೆ 0.1 ಎದುರಿಟ್ಟರೆ 29 ಮಿಲಿವೋಲ್ಟ್, 0.01 ಇಟ್ಟರೆ 57, 0.001ಕ್ಕೆ 82ರ ಹತ್ತಿರ. ನಮ್ಮಲ್ಲಿ ಕೋಣೆಯ ಉಷ್ಣತೆ 30 ಡಿಗ್ರಿ, ಹಾಗಾಗಿ ನೆರ್ನ್ಸ್ಟ್ ಸೂತ್ರದಲ್ಲಿ 25 ಡಿಗ್ರಿಯ 0.0591 ಅಲ್ಲ, 0.0601 ಹಾಕಿ. ಲೆಕ್ಕದ ಸಂಖ್ಯೆ 30, 60, 90 ಆಗುತ್ತದೆ. ಮೂರನೆಯದು ಹಿಂದೆ ಬೀಳುವುದು ಕರಗಿದ ಆಮ್ಲಜನಕ ಪಟ್ಟಿಯನ್ನು ತಿನ್ನುವುದರಿಂದ. ಅದಕ್ಕಿಂತ ಕೆಳಗಿನ ಸಾರತೆಗೆ ಈ ಸೆಟ್ ನಂಬಬೇಡಿ.

ಖರ್ಚು: ಲವಣಗಳಿಗೆ ಆರುನೂರರ ಆಸುಪಾಸು, ಮೀಟರ್ ಮತ್ತು ತಕ್ಕಡಿಗೆ ಏಳೆಂಟು ನೂರು, ಉಳಿದದ್ದು ಚಿಲ್ಲರೆ. ಒಂದು ಸಾವಿರದ ಐನೂರರಲ್ಲಿ ವರ್ಷವಿಡೀ ನಡೆಯುತ್ತದೆ. ಸಿಲ್ವರ್ ನೈಟ್ರೇಟ್‌ನ 25 ಗ್ರಾಂ ಬಾಟಲಿಯೊಂದಕ್ಕೇ ಇದಕ್ಕಿಂತ ಹೆಚ್ಚು ಬೇಕು.

ಇದೇ ಸತು, ತಾಮ್ರವನ್ನು ಮಲ್ಪೆಯ ಕಡಲ ನೀರಿನಲ್ಲಿ ಇಳಿಸಿಯೂ ನೋಡಿದೆ. 1.10 ಬರುವುದಿಲ್ಲ, 0.7ರ ಸುತ್ತ ನಿಲ್ಲುತ್ತದೆ. ಅಲ್ಲಿ ತಾಮ್ರದ ಅಯಾನೇ ಇಲ್ಲ, ತಾಮ್ರದ ಮೇಲೆ ಅಪಕರ್ಷಣೆಯಾಗುವುದು ಆಮ್ಲಜನಕ. ತುಕ್ಕು ತಡೆಯಲು ಸ್ಟೀಲ್ ಬೋಟ್‌ನ ಅಡಿಗೆ ಸತುವಿನ ಬ್ಲಾಕ್ ಬಿಗಿಯುವುದರ ಲೆಕ್ಕವನ್ನು ಪುಸ್ತಕದ ಕೋಷ್ಟಕದ ಪ್ರಮಾಣಿತ ವಿಭವದಿಂದ ನೇರ ಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಉಳಿದ ಮೈಲುತುತ್ತಿನ ನೀರನ್ನು ತೋಡಿಗೆ ಚೆಲ್ಲಬೇಡಿ, ಮೀನಿಗೆ ವಿಷ. ಒಂದು ಹಿಡಿ ಕಬ್ಬಿಣದ ಮೊಳೆ ಹಾಕಿ ನೀಲಿ ಹೋಗುವ ತನಕ ಬಿಡಿ, ಕಬ್ಬಿಣ, ತಾಮ್ರದ ಪ್ರಮಾಣಿತ ವಿಭವಗಳ ನಡುವಿನ 0.78 ವೋಲ್ಟ್ ವ್ಯತ್ಯಾಸ ಆ ಕೆಲಸ ಮಾಡಿಕೊಡುತ್ತದೆ. ಮೇಲಿಂದ ಸುಣ್ಣ ಹಾಕಿ, ತಳಕ್ಕೆ ಕೂತದ್ದನ್ನು ಬೇರೆ ತೆಗೆದಿಡಿ. ಬೋರ್ಡೋ (ಮೈಲುತುತ್ತು, ಸುಣ್ಣದ ಸಿಂಪಡಣೆ ದ್ರಾವಣ) ಕಲಸಿದವರು ಕತ್ತಿಯ ಅಲಗು ಅದ್ದಿ ಕೆಂಪು ಹತ್ತುತ್ತದೆಯೇ ಎಂದು ನೋಡುವುದೂ ಇದೇ ರೆಡಾಕ್ಸ್. ಹತ್ತಿದರೆ ಸುಣ್ಣ ಸಾಲದು.