ತವರೂರಿನಲ್ಲಿ ನನ್ನದೇ ಒಲೆ

ತವರಿಗೆ ಬಂದ ಹೆಣ್ಣುಮಗಳನ್ನು ಊರು ಮೊದಲು ಕೇಳುವುದು ಯಾವಾಗ ಬಂದೆ ಎಂದು, ಆಮೇಲೆ ಕೇಳುವುದು ಯಾವಾಗ ಹೊರಡುತ್ತೀಯ ಎಂದು. ಬೆಂಗಳೂರಿನ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಮುಳಬಾಗಿಲು ತಾಲ್ಲೂಕಿನ ಹುಟ್ಟೂರಿಗೆ ಗಂಟುಮೂಟೆ ಸಮೇತ ಬಂದಿಳಿದ ಮೇಲೂ ನನಗೆ ಈ ಎರಡನೆಯ ಪ್ರಶ್ನೆಯಿಂದ ಬಿಡುಗಡೆ ಸಿಗಲಿಲ್ಲ. ಹೊರಡುವುದಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಮಗಳ ಜೊತೆ ಸರಿಹೋಗಿರಲಿಕ್ಕಿಲ್ಲ, ಇಲ್ಲವೇ ತಮ್ಮನ ಮೇಲೆ ಆಸ್ತಿಯ ತಕರಾರು ಹೂಡಲು ಬಂದಿರಬೇಕು ಎಂದು ತಮಗೆ ತೋಚಿದ ಕಾರಣವನ್ನು ತಾವೇ ಕಟ್ಟಿಕೊಂಡರು. ಗಂಡ ಹೋದ ಮೇಲೆ ಗಂಡನ ಊರಾದ ಶಿರಾಕ್ಕೆ ಹೋಗಬೇಕಿತ್ತಲ್ಲವೇ ಎಂದು ಮುಖಕ್ಕೇ ಕೇಳಿದವರೂ ಉಂಟು. ಶಿರಾದ ಆ ಮನೆಯಲ್ಲಿ ನಾನು ಕಳೆದದ್ದು ಕೆಲವು ಹಬ್ಬಗಳನ್ನು ಮಾತ್ರ. ಅಲ್ಲಿಯ ಕೆರೆ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇಂದಿಗೂ ತಡವರಿಸುತ್ತೇನೆ.

ನನ್ನಂತೆಯೇ ತವರೂರಿಗೆ ಮರಳುವ ಯೋಚನೆಯಲ್ಲಿರುವ ಕೆಲವರು ಈಚೆಗೆ ನನ್ನನ್ನು ವಿಚಾರಿಸುತ್ತಿದ್ದಾರೆ. ಅವರೆಲ್ಲ ಮೊದಲು ಕೇಳುವುದು ಜಮೀನಿನ ವಿಷಯ. ಅದನ್ನು ಮುಗಿಸಿಬಿಡುತ್ತೇನೆ.

ನಮ್ಮ ಕಡೆ ಅಣ್ಣತಮ್ಮಂದಿರು ಸಾಲಕ್ಕೋ ಮಾರಾಟಕ್ಕೋ ಹೊರಟಾಗ ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದು ಜಮೀನಿನ ಬೆಲೆ ಏರಿದ ಮೇಲೆ ಇಂಥ ಕರೆಗಳೂ ಹೆಚ್ಚಿವೆ. ಸಹಿ ಹಾಕಬೇಡಿ ಎನ್ನುವುದು ನನ್ನ ಮೊದಲ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ, 1994ರ ಜುಲೈ 30ರಂದು ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಟ್ಟಿತು, ಆದರೆ ಅಷ್ಟರಲ್ಲಾಗಲೇ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1989ರದು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿದರೂ, ಆ ದಿನಕ್ಕೆ ತಂದೆ ಬದುಕಿರಬೇಕೇ ಎಂಬ ಗೊಂದಲ ಉಳಿಯಿತು. ನಮ್ಮ ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ತಂದೆ ಆಗ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಿಭಾಗವಿದ್ದರೆ ಅದನ್ನು ಕೆದಕುವಂತಿಲ್ಲ. ನಮ್ಮ ಮನೆಯಲ್ಲಿ ವಿಭಾಗವೇ ಆಗಿರಲಿಲ್ಲ.

ನನ್ನ ತಮ್ಮ ವಿಷಯವನ್ನು ಕೋರ್ಟಿನವರೆಗೆ ಎಳೆಯಲಿಲ್ಲ. ಮುಖ ಗಂಟಿಕ್ಕಿಕೊಂಡೇ ಆದರೂ ಒಪ್ಪಿದ. ಸರ್ವೆಯವರು ಅಳೆದು ಪಾಲು ಗುರುತಿಸುವ 11ಇ ನಕ್ಷೆ ಕೊಟ್ಟರು, ವಿಭಾಗ ಪತ್ರ ನೋಂದಣಿಯಾಯಿತು, ಪಹಣಿಯಲ್ಲಿ ನನ್ನ ಹೆಸರು ಬಂತು. ಒಂದು ಎಕರೆ ಆರು ಗುಂಟೆ ಖುಷ್ಕಿ ಜಮೀನು, ಮನೆ ಕಟ್ಟಿಕೊಳ್ಳಲು ಹಿತ್ತಲಿನ ಹಳೆಯ ಕೊಟ್ಟಿಗೆಯ ಜಾಗ. ನಮೂನೆ 8 ತುಂಬಿ ಮತದಾರರ ಪಟ್ಟಿಯ ಹೆಸರನ್ನೂ ಊರಿಗೆ ತಂದೆ. ಪಡಿತರ ಚೀಟಿಯ ವಿಷಯದಲ್ಲಂತೂ ಸರ್ಕಾರ ನಮ್ಮೂರಿಗಿಂತ ಬಹಳ ಮುಂದಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳಿಗೆ 2,000 ರೂಪಾಯಿ ಹೋದದ್ದೂ ಯಜಮಾನಿಯ ಖಾತೆಗೇ. ನಮ್ಮ ಬೀದಿಯ ಎಷ್ಟೋ ಅರ್ಜಿಗಳನ್ನು ನಾನೇ ಪರಿಶೀಲಿಸಿಕೊಟ್ಟಿದ್ದೇನೆ. ಇಷ್ಟೆಲ್ಲ ಆದರೂ ಊರಿನ ಲೆಕ್ಕದಲ್ಲಿ ನಾನೊಬ್ಬ ನೆಂಟಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಯಾವ ತಹಶೀಲ್ದಾರರೂ ತಿದ್ದಲಾರರು.

ಹಾಗಾಗಿ ನಾನು ತಮ್ಮನ ಮನೆಯಲ್ಲಿ ಉಣ್ಣುವುದನ್ನು ನಿಲ್ಲಿಸಿದೆ. ಮನೆ ಕಟ್ಟುವುದು ಮುಗಿದಿರಲಿಲ್ಲ, ಕೊಟ್ಟಿಗೆಯ ಒಂದು ಮೂಲೆಯಲ್ಲಿ ಒಲೆ ಹೂಡಿ ಮುದ್ದೆ ತಿರುವತೊಡಗಿದೆ. ನಾದಿನಿಗೆ ಅದು ಅವಮಾನವೆನಿಸಿತು. ಬೀದಿಯವರು ಜಗಳವೇ ಆಗಿರಬೇಕೆಂದರು. ಜಗಳವೇನೂ ಇರಲಿಲ್ಲ. ಹಳ್ಳಿಯಲ್ಲಿ ಮನೆ ಎಂದರೆ ಒಲೆ. ಹೊಗೆ ಎದ್ದರೆ ಮಾತ್ರ ಅಲ್ಲೊಂದು ಮನೆಯಿದೆ ಎಂದು ಗೊತ್ತಾಗುವುದು. ಪಕ್ಕದ ಮನೆಯ ಮುದುಕಿ ಒಂದು ಸಂಜೆ ಬಟ್ಟಲು ಹಿಡಿದು ಹುಳಿ ಕೇಳಲು ಬಂದಾಗ ಪಹಣಿ ಕೈಗೆ ಬಂದ ದಿನಕ್ಕಿಂತ ಹೆಚ್ಚು ಖುಷಿಯಾಯಿತು. ನೆಂಟರ ಬಳಿ ಯಾರೂ ಹುಣಸೆಹಣ್ಣಿನ ಸಾಲ ಕೇಳುವುದಿಲ್ಲ.

ಮುಯ್ಯಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮದುವೆಯ ಚಪ್ಪರದಲ್ಲಿ ಒಂದು ಮೇಜು, ನೋಟು ಎಣಿಸುವವನೊಬ್ಬ, ಪುಸ್ತಕದಲ್ಲಿ ಬರೆಯುವವನೊಬ್ಬ. ಹೆಸರು, ಊರು, ಮೊತ್ತ. ನಾಳೆ ನಿಮ್ಮ ಮನೆಯ ಮದುವೆಗೆ ಅವರು ಬಂದಾಗ ಈ ಪುಸ್ತಕ ತೆರೆದು ನೋಡಿ ಅಷ್ಟಕ್ಕೆ ಇನ್ನಿಷ್ಟು ಸೇರಿಸಿ ಕೊಡುತ್ತಾರೆ. ಯಾವ ಯಾವ ಮನೆಗಳ ನಡುವೆ ಲೆಕ್ಕವಿದೆ ಎಂದು ತಿಳಿಯಬೇಕಾದರೆ ಈ ಪುಸ್ತಕಗಳನ್ನು ನೋಡಬೇಕು. ಬ್ಯಾಂಕಿನಲ್ಲಿದ್ದವಳಿಗೆ ಇದು ಬೇಗ ಅರ್ಥವಾಗುತ್ತದೆ: ಲೆಡ್ಜರಿನಲ್ಲಿ ಪುಟವಿಲ್ಲದವರು ಗ್ರಾಹಕರಲ್ಲ. ನಾನು ಮುಯ್ಯಿ ಕೊಟ್ಟಾಗಲೆಲ್ಲ ಬರೆಯುವ ಹುಡುಗ ನನ್ನ ಹೆಸರಿನ ಮುಂದೆ 'ಶಿರಾ' ಎಂದು ಬರೆಯುತ್ತಿದ್ದ. ಇಲ್ಲಪ್ಪ, ಇದೇ ಊರು ಎಂದರೆ, ಹಾಗಾದರೆ ತಮ್ಮನ ಹೆಸರಿನಲ್ಲೇ ಬರೆದುಬಿಡಲೇ ಎಂದು ಕೇಳುತ್ತಿದ್ದ. ಎರಡೂ ಬೇಡ, ನನ್ನ ಹೆಸರು, ಈ ಊರು ಎಂದು ನಾನು ಮೇಜು ಬಿಟ್ಟು ಕದಲುತ್ತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ಊಟದ ಪಂಕ್ತಿ ತಪ್ಪುತ್ತದೆಂದು ಜನ ಗೊಣಗುತ್ತಿದ್ದರು. ನಿಮ್ಮ ಮನೆಯಲ್ಲಿ ಮದುವೆಯೇ ಇಲ್ಲವಲ್ಲ, ನಿಮಗೆ ಮುಯ್ಯಿ ತೀರಿಸುವುದು ಹೇಗೆ ಎಂದು ಒಬ್ಬರು ನಗೆಯಾಡಿದರು. ಆ ಮಾತು ತಲೆಯಲ್ಲಿ ಉಳಿಯಿತು. ಮನೆ ಮುಗಿದಾಗ ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದೆ. ಚಪ್ಪರದ ಕೆಳಗೆ ಮೇಜು ಹಾಕಿ, ಅದೇ ಹುಡುಗನನ್ನು ಕೂರಿಸಿ ಪುಸ್ತಕ ಬರೆಸಿದೆ. ಕೊಟ್ಟವರೆಲ್ಲ ಈಗ ನನ್ನ ಪುಸ್ತಕದಲ್ಲಿದ್ದಾರೆ.

ಭಾಷೆಯ ಕಥೆ ಬೇರೆ. ಆಂಧ್ರದ ಗಡಿಗೆ ಹತ್ತಿರವಿರುವ ನಮ್ಮಲ್ಲಿ ಮನೆಮಾತು ತೆಲುಗು, ಓದುಬರಹವೆಲ್ಲ ಕನ್ನಡ. ನಮ್ಮ ತೆಲುಗು ಕೇಳಿದರೆ ಆಂಧ್ರದವರು ನಗುತ್ತಾರೆ, ನಮ್ಮ ಕನ್ನಡ ಕೇಳಿದರೆ ಮೈಸೂರಿನವರು. ಬೆಂಗಳೂರಿನ ಕೌಂಟರಿನಲ್ಲಿ ಅಷ್ಟು ವರ್ಷ ಕೂತು, ಮನೆಯಲ್ಲಿ ಗಂಡನ ಜೊತೆ ಶಿರಾ ಕಡೆಯ ಕನ್ನಡ ಆಡಿ ನನ್ನ ತೆಲುಗು ಸವೆದುಹೋಗಿತ್ತು. ಬೈಗುಳ, ಗಾದೆ, ಬಾಣಂತಿಯ ಪಥ್ಯ ಇವುಗಳಿಗೆ ಮಾತೇ ಸಿಗುತ್ತಿರಲಿಲ್ಲ. ಅದನ್ನು ರಿಪೇರಿ ಮಾಡಿದ್ದು ಅವರೆಕಾಯಿ. ಡಿಸೆಂಬರ್ ಜನವರಿಯಲ್ಲಿ ಸೊಗಡಿನ ಅವರೆ ಬಂದಾಗ ಸಂಜೆ ಯಾರದಾದರೂ ಜಗಲಿಯಲ್ಲಿ ಹೆಂಗಸರು ಸೇರುತ್ತಾರೆ. ನೀರಿನಲ್ಲಿ ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ತಟ್ಟೆಗೆ ಹಾರುತ್ತದೆ. ಉಗುರಿನ ಸಂದು ಉರಿಯುತ್ತದೆ, ಬೆರಳ ತುದಿ ಮುದುಡುತ್ತದೆ, ಕೈ ಕೆಲಸದಲ್ಲಿರುವುದರಿಂದ ಬಾಯಿಗೆ ತಡೆಯಿರುವುದಿಲ್ಲ. ಯಾರ ಸೊಸೆ ಯಾರ ಮಾತು ಕೇಳುವುದಿಲ್ಲ, ಯಾರ ಕೊಳವೆ ಬಾವಿ ಒಣಗಿತು, ಟೊಮೆಟೊ ಮಾರಿದ ದುಡ್ಡು ಯಾರು ಎಲ್ಲಿ ಹಾಳುಮಾಡಿದರು, ಎಲ್ಲವೂ ತೆಲುಗಿನಲ್ಲೇ. ಮೊದಮೊದಲು ನಾನಿದ್ದರೆ ಮರ್ಯಾದೆಗೆಂದು ಕನ್ನಡಕ್ಕೆ ಹೊರಳುತ್ತಿದ್ದರು. ಆಮೇಲೆ ಮರೆತರು. ನನ್ನ ಎದುರಿಗೇ ನನ್ನ ತಮ್ಮನನ್ನು ಬೈದ ದಿನ ನಾನೂ ಎರಡು ಮಾತು ಸೇರಿಸಿ ಬೈದೆ.

ಹೊಲದಲ್ಲಿ ರಾಗಿ ಹಾಕಿದ್ದೇನೆ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಕಳೆ ತೆಗೆಯುವಾಗ, ಕೊಯ್ಲಿನಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿದೆ: ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ನನ್ನ ಸೊಂಟಕ್ಕೆ ರಾಗಿ ಕೊಯ್ಲು ಆಗಿಬರುವುದಿಲ್ಲ, ಬದಲಿಗೆ ಹೊಲಕ್ಕೆ ಬುತ್ತಿ ಹೊರುವುದು, ಎಳೆಗೂಸುಗಳನ್ನು ನೋಡಿಕೊಳ್ಳುವುದು, ಸಂಘದ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂತು, ಅದನ್ನೂ ಮುಯ್ಯಾಳೆಂದೇ ಎಣಿಸಿದರು. ಆದರೆ ಈ ಕೊಡುಕೊಳ್ಳುವಿಕೆ ಸುತ್ತುವುದು ನಮ್ಮ ಬೀದಿಗಳಲ್ಲಿ ಮಾತ್ರ. ದಲಿತರ ಕಾಲೊನಿಯ ಹೆಂಗಸರು ಬರುವುದು ಕೂಲಿಗೆ. ಅವರು ಹುಟ್ಟಿದ್ದೂ ಇದೇ ಊರಿನಲ್ಲಿ, ಬಿಟ್ಟುಹೋದವರೂ ಅಲ್ಲ. ಊರಿನಲ್ಲಿ ನನಗೊಂದು ಜಾಗ ಬೇಕೆಂದು ಮೇಜಿನ ಮುಂದೆ ಹಟ ಹಿಡಿಯುವವಳು ಇದನ್ನು ನೋಡಿಯೂ ನೋಡದಂತಿರುವುದು ಕಷ್ಟ. ಗೃಹಪ್ರವೇಶಕ್ಕೆ ಅವರನ್ನೂ ಕರೆದಿದ್ದೆ. ಬಂದವರು ಕಡಿಮೆ. ಬಂದವರ ಪಕ್ಕದ ಎಲೆಗೆ ಕೂರದೆ ಎದ್ದುಹೋದವರ ಹೆಸರುಗಳು ನನಗೆ ನೆನಪಿವೆ.

ಕಡೆಯದಾಗಿ ಮುತ್ಯಾಲಮ್ಮನ ಜಾತ್ರೆ. ಯುಗಾದಿ ಕಳೆದ ಮೇಲೆ ನಡೆಯುವ ಈ ಜಾತ್ರೆಗೆ ಮನೆಗಿಷ್ಟು ಎಂದು ವರಿ ಎತ್ತುತ್ತಾರೆ, ಮನೆಗೊಂದು ತಂಬಿಟ್ಟಿನ ದೀಪ ಹೊರಡುತ್ತದೆ. ವರಿ ಪುಸ್ತಕದಲ್ಲಿ ಇರುವುದೆಲ್ಲ ಗಂಡಸರ ಹೆಸರು. ನಾನು ವರಿ ಕೊಡಲು ಹೋದಾಗ ಯಜಮಾನರು ನಿನ್ನ ತಮ್ಮ ಕೊಟ್ಟಿದ್ದಾನಲ್ಲಮ್ಮ ಎಂದರು. ಬೇರೆ ಮನೆ, ಬೇರೆ ಒಲೆ, ಪಂಚಾಯಿತಿಗೆ ಕಂದಾಯವೂ ಬೇರೆ ಎಂದೆ. ಯೋಚಿಸಿ, ಹಣ ತೆಗೆದುಕೊಂಡು, ದೇಣಿಗೆಯ ರಸೀದಿ ಹರಿದುಕೊಟ್ಟರು. ಜಾತ್ರೆಯ ರಾತ್ರಿ ಮೈಕಿನಲ್ಲಿ 'ಬೆಂಗಳೂರಿನ ಶ್ರೀಮತಿ' ಎಂದು ಆರಂಭಿಸಿ ನನ್ನ ಹೆಸರು ಕೂಗಿದರು. ಊರಿನವರ ವರಿಯನ್ನು ಯಾರೂ ಮೈಕಿನಲ್ಲಿ ಕೂಗುವುದಿಲ್ಲ. ಕೂಗುವುದು ಹೊರಗಿನವರ ಹೆಸರನ್ನು.

ಅದು ಬದಲಾದದ್ದು ವಾದದಿಂದಲ್ಲ. ಹುಳಿ ಕೇಳಲು ಬರುತ್ತಿದ್ದ ಮುದುಕಿ ತೀರಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ಕಳುಹಿಸಬೇಕು. ಎಲ್ಲಕ್ಕಿಂತ ಹತ್ತಿರದ ಒಲೆ ನನ್ನದು. ಯಾರನ್ನೂ ಕೇಳದೆ ದೊಡ್ಡ ಪಾತ್ರೆಯಲ್ಲಿ ಅನ್ನ, ಹುರುಳಿ ಸಾರು ಮಾಡಿ ಕಳುಹಿಸಿದೆ. ತಿಥಿ ಮುಗಿಯುವವರೆಗೆ ಆ ಮನೆಗೆ ಬಂದು ಹೋಗುವವರ ಕಾಫಿಯೂ ನನ್ನ ಮನೆಯಿಂದಲೇ. ಮುದುಕಿಯ ಮಗ ವರಿ ಎತ್ತುವವರಲ್ಲೊಬ್ಬ. ಮುಂದಿನ ಜಾತ್ರೆಗೆ ಅವನೇ ಪುಸ್ತಕ ಹಿಡಿದು ನನ್ನ ಬಾಗಿಲಿಗೆ ಬಂದ. ನನ್ನ ಹೆಸರಿಗೆ ಅಪ್ಪನ ಹೆಸರು ಸೇರಿಸಿ 'ಮಗಳು' ಎಂದು ಬರೆದುಕೊಂಡ. ನನ್ನದೊಂದೇ ಹೆಸರು ಸಾಕಿತ್ತು, ಆದರೂ ಸುಮ್ಮನಿದ್ದೆ.

ದೀಪ ಮಾಡಲು ಅಕ್ಕಿಯನ್ನು ನೆನೆಸಿ, ನೆರಳಿಗೆ ಆರಿಸಿ, ಹಿಟ್ಟು ಮಾಡಿಸಿ, ಬೆಲ್ಲದ ಪಾಕದಲ್ಲಿ ಎಳ್ಳು, ಹುರಿಗಡಲೆ, ಕೊಬ್ಬರಿ ಸೇರಿಸಿ ಕಲಸಬೇಕು. ಪಾಕ ಗಟ್ಟಿಯಾದರೆ ದೀಪ ಬಿರಿಯುತ್ತದೆ, ತೆಳುವಾದರೆ ಬಿಸಿಲಿಗೆ ಕುಸಿಯುತ್ತದೆ. ತಟ್ಟೆಯ ಮೇಲೆ ಗೋಪುರದಂತೆ ಎತ್ತಿ, ತುದಿಯಲ್ಲಿ ಹೆಬ್ಬೆರಳಿನಿಂದ ಗುಳಿ ತೋಡಿ, ತುಪ್ಪ ಹೊಯ್ದು ಬತ್ತಿ ಇಟ್ಟು, ಸುತ್ತ ಕನಕಾಂಬರ ಸುತ್ತಿದೆ. ಅದನ್ನು ಹೊರುವ ಹೊತ್ತಿಗೆ ಗಂಡನಿಲ್ಲದವಳು ಹೊರಬಾರದು ಎಂದರು. ಹೀಗೆಂದವರು ಗಂಡಸರಲ್ಲ, ಅವರೆ ಹಿಸುಕಲು ಜೊತೆಗೆ ಕೂರುತ್ತಿದ್ದ ಹೆಂಗಸರೇ. ತಮ್ಮನ ಸೊಸೆ ಹೊತ್ತಳು, ನಾನು ಹಿಂದೆ ನಡೆದೆ. ಇಲ್ಲಿಗೆ ಹತ್ತಿರದ ಆವಣಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ನಂಬುವ ಜನ ನಾವು. ಗಂಡ ಕೈಬಿಟ್ಟವಳಿಗೆ ಬೆಟ್ಟದ ಮೇಲೆ ಗುಡಿ ಕಟ್ಟಿ ಕೈಮುಗಿಯುತ್ತೇವೆ, ಗಂಡ ಸತ್ತವಳ ತಲೆಯ ಮೇಲೆ ತಂಬಿಟ್ಟು ಇಡಲು ಹೆದರುತ್ತೇವೆ.

ಈ ಸಲ ನಾನೇ ಹೊರುತ್ತೇನೆಂದು ಜಗಲಿಯಲ್ಲಿ ಹೇಳಿದ್ದೇನೆ. ಇಬ್ಬರು ಸರಿ ಎಂದರು, ಒಬ್ಬಳು ಮಾತು ಬಿಟ್ಟಿದ್ದಾಳೆ, ಯಜಮಾನರು ದೇವಿಯನ್ನೇ ಕೇಳಬೇಕಾಗುತ್ತದೆ ಎಂದು ಜಾರಿಕೊಂಡರು. ವರಿಯನ್ನು ಮಾತ್ರ ಮರೆಯದೆ ವಸೂಲಿ ಮಾಡಿಕೊಂಡು ಹೋಗಿದ್ದಾರೆ, ಗುಡಿಗೆ ಸುಣ್ಣ ಬಳಿಯಬೇಕೆಂದು ಹೋದ ವರ್ಷಕ್ಕಿಂತ ಹೆಚ್ಚೇ. ಚೌಕಾಸಿ ಮಾಡಿದೆ, ಒಂದು ರೂಪಾಯಿಯನ್ನೂ ಬಿಡಲಿಲ್ಲ. ರಸೀದಿ ಕೊಡಲಿಲ್ಲ.